ಮೊಡವೆಗೆ ಏನು ಹಚ್ಚಲಿ ಅನ್ನುವ ಮೊದಲು ಒಂದು ಕ್ಯಾಲೆಂಡರ್ ತನ್ನಿ

ನಮ್ಮೂರು ತಿಪಟೂರು. ಕೊಬ್ಬರಿ ಊರು. ಹಸುಗೂಸಿನ ನೆತ್ತಿಯಿಂದ ಹಿಡಿದು ಅಜ್ಜಿಯ ಮಂಡಿಯವರೆಗೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ತಿಕ್ಕುವ ಮನೆಯಲ್ಲಿ ಬೆಳೆದವಳು ನಾನು. ಹಾಗಾಗಿ ನನ್ನ ಹಣೆಯ ಗುಳ್ಳೆಗಳಿಗೆ ಆ ಎಣ್ಣೆಯದ್ದೂ ಒಂದು ಕೈ ಇದೆ ಅಂತ ಗೊತ್ತಾದ ದಿನ, ಅದನ್ನು ಅಮ್ಮನಿಗೆ ಫೋನ್ ಮಾಡಿ ಹೇಳಲು ಧೈರ್ಯ ಬರಲಿಲ್ಲ.

ಕಾಲೇಜಿನಲ್ಲಿದ್ದಾಗ ನನ್ನ ಮುಖ ನುಣ್ಣಗಿತ್ತು. ಗೆಳತಿಯರೆಲ್ಲ ಮೊಡವೆ ಅಂತ ಒದ್ದಾಡುವಾಗ ನಾನು ಸೋಪು ಹಾಕಿ ತೊಳೆದು ಹೊರಟುಬಿಡುತ್ತಿದ್ದೆ. 2022ರ ಕೊನೆಯಲ್ಲಿ, 29ನೇ ವಯಸ್ಸಿಗೆ, ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದಾಗ ಶುರುವಾಯಿತು. ಮೊದಲು ಹಣೆ, ಆಮೇಲೆ ದವಡೆಯ ಅಂಚು. ದವಡೆಯವು ಒಳಗೊಳಗೇ ಗಂಟಾಗಿ, ಮುಟ್ಟಿದರೆ ಜೀವ ಹೋಗುವಂಥವು. ಊರಿಗೆ ಹೋದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, "ಏನೇ ಇದು, ಮುಖ ಹಿಂಗಾಗೈತಲ್ಲೇ" ಅಂದರು. ಆಮೇಲೆ ಬೀದಿಯವರೆಲ್ಲ ಒಂದೊಂದು ಮದ್ದು ಹೇಳಿದರು. ಕಡಲೆಹಿಟ್ಟು, ಹಾಲಿನ ಕೆನೆ, ನಿಂಬೆರಸ, ತೇಯ್ದ ಶ್ರೀಗಂಧ. ಒಬ್ಬರಂತೂ ಹಲ್ಲುಜ್ಜುವ ಪೇಸ್ಟು.

ಇದರಲ್ಲಿ ನಿಂಬೆರಸ ಮತ್ತು ಪೇಸ್ಟು ಮಾತ್ರ ದಯವಿಟ್ಟು ಬೇಡ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಕೂರುತ್ತದೆ. ಪೇಸ್ಟು ಹಲ್ಲಿಗೆ ಮಾಡಿದ್ದು. ಉಳಿದವು ಹಾಳೂ ಮಾಡಲ್ಲ, ಉದ್ಧಾರವೂ ಮಾಡಲ್ಲ.

ನಾನು ಮಾಡಿದ ಮೊದಲ ತಪ್ಪು

2023ರ ಹೊಸ ವರ್ಷಕ್ಕೆ ಆನ್‌ಲೈನ್‌ನಲ್ಲಿ ಸೇಲ್ ಇತ್ತು. ಏಳು ಐಟಂ ತರಿಸಿದೆ. ಒಂದು ಫೇಸ್‌ವಾಶ್, ಎರಡು ಸೀರಮ್, ಒಂದು ಸ್ಕ್ರಬ್, ಒಂದು ಟೋನರ್, ಕೂದಲಿಗೂ ಚರ್ಮಕ್ಕೂ ಒಳ್ಳೆಯದು ಅನ್ನುವ ಬಯೋಟಿನ್ ಗಮ್ಮಿ, ಜೊತೆಗೆ ಯಾವುದೋ ಹಸಿರು ಮಾಸ್ಕು. ಎಲ್ಲವನ್ನೂ ಒಂದೇ ರಾತ್ರಿ ಶುರು ಮಾಡಿದೆ. ಐದನೇ ದಿನಕ್ಕೆ ಮುಖ ಮೆಣಸಿನಪುಡಿ ಎರಚಿದ ಹಾಗೆ ಉರಿಯತೊಡಗಿತು. ನೀರು ತಾಕಿದರೂ ಉರಿ. ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು. ಗುಳ್ಳೆ ಮಾತ್ರ ಹಾಗೇ ಇದ್ದವು.

ಉರಿಗಿಂತ ಜಾಸ್ತಿ ಕಾಡಿದ್ದು ಬೇರೆ. ಏಳರಲ್ಲಿ ಯಾವುದು ಉರಿಸಿತು, ಯಾವುದಾದರೂ ಒಂದು ಒಳ್ಳೆಯದು ಮಾಡುತ್ತಿತ್ತಾ, ಏನೂ ಗೊತ್ತಾಗಲಿಲ್ಲ. ಆಫೀಸಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಒಂದೊಂದೇ ವೋಚರ್ ತೆಗೆದು ನೋಡುತ್ತೇವೆ. ಎಲ್ಲವನ್ನೂ ಒಟ್ಟಿಗೆ ತಿದ್ದಲ್ಲ. ಮುಖಕ್ಕೂ ಹಾಗೇ ಮಾಡೋಣ ಅಂತ ಕೂತೆ.

ಮೂರು ವಾರ ಏನೂ ಮಾಡಬೇಡಿ

ಮೊದಲ ಹೆಜ್ಜೆ ಇದೇ. ಇರೋದನ್ನೆಲ್ಲ ನಿಲ್ಲಿಸಿ. (ಡಾಕ್ಟರ್ ಬರೆದುಕೊಟ್ಟಿದ್ದು ಬಿಟ್ಟು. ಅದನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.) ಮೂರೇ ಮೂರು ಇಟ್ಟುಕೊಳ್ಳಿ. ಸೌಮ್ಯವಾದ ಒಂದು ಫೇಸ್‌ವಾಶ್, ವಾಸನೆ ಇಲ್ಲದ ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್.

ಮುಖ ತೊಳೆಯುವುದು ದಿನಕ್ಕೆ ಎರಡು ಸಲ ಸಾಕು. ಗುಳ್ಳೆ ಕೊಳೆಯಿಂದ ಬರಲ್ಲ. ರಂಧ್ರದ ಒಳಗೆ ಸತ್ತ ಚರ್ಮ ಮತ್ತು ಚರ್ಮದ ಜಿಡ್ಡು ಸೇರಿ ಬೂಚು ಕಟ್ಟಿದಂತಾಗುತ್ತದೆ. ಅದರ ಹಿಂದೆ ಬ್ಯಾಕ್ಟೀರಿಯಾ ಹೆಚ್ಚಾಗಿ ಊದಿಕೊಳ್ಳುತ್ತದೆ. ಮೇಲೆ ಎಷ್ಟು ತಿಕ್ಕಿದರೂ ಒಳಗಿನ ಬೂಚಿಗೆ ತಾಗಲ್ಲ. ಆಕ್ರೋಟ ಸಿಪ್ಪೆಯ ಪುಡಿ ಹಾಕಿದ ಸ್ಕ್ರಬ್ ಇದ್ದರೆ ಹಿಮ್ಮಡಿಗೆ ಇಟ್ಟುಕೊಳ್ಳಿ.

ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಅಂತ ನನಗೂ ಅನಿಸಿತ್ತು. ಮುಂದೆ ಹಚ್ಚುವ ಮದ್ದುಗಳೆಲ್ಲ ಚರ್ಮ ಒಣಗಿಸುವಂಥವು. ಇದಿಲ್ಲದಿದ್ದರೆ ಎರಡನೇ ವಾರಕ್ಕೇ ಉರಿ ತಾಳದೆ ಬಿಟ್ಟುಬಿಡುತ್ತೀರಿ. ಜೆಲ್ ಥರದ್ದು ತಗೊಳ್ಳಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನದು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ನಮ್ಮ ಬಣ್ಣದವರಿಗೆ ಗುಳ್ಳೆಗಿಂತ ಅದು ಬಿಟ್ಟುಹೋಗುವ ಕಪ್ಪು ಕಲೆಯೇ ದೊಡ್ಡ ತಲೆನೋವು, ಅಲ್ವಾ? ಬಿಸಿಲು ಬಿದ್ದರೆ ಆ ಕಲೆ ತಿಂಗಳುಗಟ್ಟಲೆ ಹೋಗಲ್ಲ.

ಎಣಿಸುವುದು ಹೇಗೆ

ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ತುಂಬಿದ ಕ್ಯಾಲೆಂಡರ್‌ನಲ್ಲಿ ಬರೆಯಲು ಜಾಗ ಇರಲ್ಲ. ಚಿನ್ನದ ಅಂಗಡಿಯವರು ಪುಕ್ಕಟೆ ಕೊಡುತ್ತಾರಲ್ಲ, ದೊಡ್ಡ ದೊಡ್ಡ ಖಾಲಿ ಚೌಕದ್ದು, ಅದು ಬೆಸ್ಟು. ನಾನು ಅದನ್ನು ಬಚ್ಚಲುಮನೆಯ ಬಾಗಿಲ ಹಿಂದೆ ನೇತುಹಾಕಿ ದಾರದಲ್ಲಿ ಒಂದು ಪೆನ್ನು ಕಟ್ಟಿದೆ.

ಭಾನುವಾರ ಬೆಳಿಗ್ಗೆ, ಸ್ನಾನಕ್ಕೆ ಮೊದಲು, ಕಿಟಕಿ ಬೆಳಕಿನಲ್ಲಿ ಎಣಿಸಬೇಕು. ಟ್ಯೂಬ್‌ಲೈಟ್‌ನಲ್ಲಿ ಬೇಡ. ಅದರಲ್ಲಿ ಎಲ್ಲರ ಮುಖವೂ ಕಾಯಿಲೆ ಬಂದವರ ಹಾಗೆ ಕಾಣುತ್ತದೆ. ಹಣೆ, ಎಡಗೆನ್ನೆ, ಬಲಗೆನ್ನೆ, ದವಡೆ ಮತ್ತು ಗದ್ದ. ನಾಲ್ಕು ನಂಬರ್. ಕೆಂಪಗೆ ಎದ್ದಿರುವುದು, ಕೀವು ಇರುವುದು, ಬಣ್ಣವಿಲ್ಲದ ಸಣ್ಣ ಗುಳ್ಳೆ, ಇವೆಲ್ಲ ಲೆಕ್ಕಕ್ಕೆ. ಹಳೆ ಕಲೆ ಲೆಕ್ಕಕ್ಕಿಲ್ಲ. ಇದು ಮುಖ್ಯ, ಯಾಕೆಂದರೆ ಕಲೆ ಸೇರಿಸಿ ನೋಡಿದರೆ ಆರು ತಿಂಗಳಾದರೂ "ಏನೂ ಕಮ್ಮಿ ಆಗಿಲ್ಲ" ಅನಿಸುತ್ತದೆ. ಮುಟ್ಟಾದ ದಿನಗಳಿಗೆ ಒಂದು ಸುತ್ತು ಹಾಕಿ. ಹೊಸದಾಗಿ ಹಚ್ಚಿದ್ದು, ನುಂಗಿದ್ದು, ಬಿಟ್ಟಿದ್ದು, ಎಲ್ಲವನ್ನೂ ಆ ದಿನದ ಚೌಕದಲ್ಲಿ ಒಂದೇ ಪದದಲ್ಲಿ ಬರೆಯಿರಿ.

2023ರ ಫೆಬ್ರುವರಿ 5, ಭಾನುವಾರ ನನ್ನ ಮೊದಲ ಲೆಕ್ಕ. ಹಣೆ 11, ಎಡಗೆನ್ನೆ 4, ಬಲಗೆನ್ನೆ 3, ದವಡೆ 9. ಒಟ್ಟು 27. ಬರೆದಾದ ಮೇಲೆ ಯಾಕೋ ಸ್ವಲ್ಪ ಸಮಾಧಾನ ಆಯಿತು. ಅಲ್ಲಿಯವರೆಗೆ "ಮುಖ ತುಂಬಾ ಗುಳ್ಳೆ" ಅಂದುಕೊಂಡಿದ್ದೆ. ಇಪ್ಪತ್ತೇಳೇ ಇದ್ದದ್ದು.

ಇನ್ನು ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೊಂದಕ್ಕೂ ಎಂಟರಿಂದ ಹನ್ನೆರಡು ವಾರ. ಇಷ್ಟು ದಿನ ಯಾಕೆ ಅಂದರೆ, ಇವತ್ತು ಕನ್ನಡಿಯಲ್ಲಿ ಕಾಣುವ ಗುಳ್ಳೆ ಚರ್ಮದ ಒಳಗೆ ವಾರಗಟ್ಟಲೆ ಹಿಂದೆಯೇ ಶುರುವಾಗಿರುತ್ತದೆ. ಇವತ್ತು ಹಚ್ಚಿದ ಮದ್ದು ಮುಂದೆ ಬರಬೇಕಾದ್ದನ್ನು ತಡೆಯುತ್ತದೆ. ಹತ್ತು ದಿನ ಹಚ್ಚಿ "ಕೆಲಸಕ್ಕೆ ಬರಲ್ಲ" ಅಂತ ಬಿಸಾಡಿದ ಟ್ಯೂಬುಗಳಲ್ಲಿ ಒಳ್ಳೆಯವೂ ಇದ್ದಿರಬಹುದು.

ಮೊದಲು ತೆಗೆಯಿರಿ, ಆಮೇಲೆ ಸೇರಿಸಿ

ದುಡ್ಡು ಖರ್ಚಿಲ್ಲದ್ದರಿಂದ ಶುರು ಮಾಡಿದೆ. ಮೊದಲನೆಯದು ತಲೆ ಎಣ್ಣೆ.

ನಾನು ವಾರಕ್ಕೆ ಮೂರು ರಾತ್ರಿ ತಲೆಗೆ ಎಣ್ಣೆ ಹಾಕಿ ಮಲಗುತ್ತಿದ್ದೆ. ಎಣ್ಣೆ ಹಣೆಗೆ ಇಳಿಯುತ್ತದೆ, ದಿಂಬಿಗೆ ಅಂಟುತ್ತದೆ, ದಿಂಬಿನಿಂದ ಕೆನ್ನೆಗೆ ಬರುತ್ತದೆ. ಕೂದಲಿಗೆ ಹಚ್ಚುವ ಎಣ್ಣೆ, ಜೆಲ್ ಇಂಥವುಗಳಿಂದ ಹಣೆಯ ಅಂಚಿನಲ್ಲಿ ಸಾಲಾಗಿ ಏಳುವ ಗುಳ್ಳೆಗಳಿಗೆ ಚರ್ಮದ ಡಾಕ್ಟರುಗಳಲ್ಲಿ ಪೊಮೇಡ್ ಆಕ್ನೆ ಅಂತ ಬೇರೆ ಹೆಸರೇ ಇದೆ. ಎಣ್ಣೆ ಬಿಡಲಿಲ್ಲ. ಬಿಟ್ಟರೆ ತಿಪಟೂರಿನಲ್ಲಿ ನನ್ನನ್ನು ಒಳಗೆ ಸೇರಿಸಲ್ಲ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ಹಣೆಗೆ ಬಟ್ಟೆ ಕಟ್ಟಿ, ತಲೆ ತೊಳೆದ ಮೇಲೆ ಕೊನೆಗೆ ಮುಖ ತೊಳೆಯುವುದು ಅಂತ ಮಾಡಿಕೊಂಡೆ. ದಿಂಬಿನ ಕವರು ವಾರಕ್ಕೆ ಎರಡು ಸಲ ಬದಲು. ಮಾರ್ಚ್ 26ರ ಭಾನುವಾರ ಹಣೆಯ ಲೆಕ್ಕ 4. ಹನ್ನೊಂದರಿಂದ ನಾಲ್ಕು!

ಎರಡನೆಯದು ಹೆಲ್ಮೆಟ್. ಇದು ನನಗೆ ಹೊಳೆದದ್ದೇ ಲೆಕ್ಕ ನೋಡಿ. ದವಡೆಯ ಗುಳ್ಳೆಗಳೆಲ್ಲ ಹೆಲ್ಮೆಟ್ ಪಟ್ಟಿ ತಾಗುವ ಜಾಗದಲ್ಲೇ, ಎರಡು ಕಡೆಯೂ ಸಾಲಾಗಿ. ದಿನಕ್ಕೆ ಒಂದೂವರೆ ಗಂಟೆ ಸ್ಕೂಟರ್ ಓಡಿಸುತ್ತೇನೆ. ಬೆವರು, ಧೂಳು, ಉಜ್ಜಾಟ. ಒಂದೇ ಜಾಗ ಒತ್ತಿ ಉಜ್ಜಿದರೆ ಮೊಡವೆ ಏಳುವುದು ಆಟಗಾರರಲ್ಲಿ, ಸೈನಿಕರಲ್ಲಿ ಹಳೆಯ ಸಮಸ್ಯೆ. ಹೆಲ್ಮೆಟ್ ಒಳಗಿನ ಮೆತ್ತೆ ಬಿಚ್ಚಿ ನೆನೆಸಿದೆ. ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಎರಡು ವರ್ಷದಲ್ಲಿ ಒಮ್ಮೆಯೂ ತೊಳೆದಿರಲಿಲ್ಲ ಅಂತ ಆಗಲೇ ನೆನಪಾದದ್ದು. ಈಗ ಹದಿನೈದು ದಿನಕ್ಕೊಮ್ಮೆ ಮೆತ್ತೆ ತೊಳೆಯುತ್ತೇನೆ. ಪಟ್ಟಿಗೆ ಒಂದು ಹತ್ತಿ ಕರ್ಚೀಫು ಸುತ್ತುತ್ತೇನೆ. ಏಪ್ರಿಲ್ ಕೊನೆಗೆ ದವಡೆ 9ರಿಂದ 6ಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಒಳಗಂಟುಗಳು ಹಾಗೇ ಇದ್ದವು.

ಆಮೇಲೆ ಮೇ ತಿಂಗಳು ಬಂತು.

ಮಾವಿನಹಣ್ಣಿನ ಮೇಲೆ ಬಂದ ಅಪವಾದ

ಮೇ 14ರಂದು ಹಣೆ 7. ಮೇ 21ಕ್ಕೆ ಹಣೆ 14, ಗದ್ದದ ಸುತ್ತ ಹೊಸದು, ಬೆನ್ನಿನ ಮೇಲೂ ಒಂದಷ್ಟು. ಎಲ್ಲವೂ ಒಂದೇ ಸೈಜು, ಒಂದೇ ಥರ, ಅಚ್ಚು ಹೊಡೆದ ಹಾಗೆ. ಮಾವಿನ ಕಾಲ. ಅಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು. "ಉಷ್ಣ ಕಣೇ. ಹಣ್ಣು ಬಿಡು ಮೊದ್ಲು." ನನಗೂ ಹೌದು ಅನಿಸಿತು. ರಸಪುರಿ ಕೆಜಿಗಟ್ಟಲೆ ಬರುವ ಹೊತ್ತಿನಲ್ಲಿ ಒಂದು ಹೋಳೂ ಬಾಯಿಗೆ ಹಾಕದೆ ಸೀಸನ್ ಕಳೆದೆ. ಆ ಸಂಕಟ ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಜುಲೈಯಲ್ಲಿ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಕ್ಯಾಲೆಂಡರ್ ಸುರುಳಿ ಸುತ್ತಿ ತಗೊಂಡು ಹೋಗಿದ್ದೆ. ಕಾಯುವ ಜಾಗದಲ್ಲಿ ಅದನ್ನು ಹಿಡಿದು ಕೂರಲು ನಾಚಿಕೆ. ಡಾಕ್ಟರಮ್ಮ ನಗಲಿಲ್ಲ. ಮೇಜಿನ ಮೇಲೆ ಹರಡಿ ಬೆರಳಿಟ್ಟು ಭಾನುವಾರಗಳನ್ನು ನೋಡುತ್ತಾ ಹೋದರು. ಏಪ್ರಿಲ್ 24ರಲ್ಲಿ ಬೆರಳು ನಿಂತಿತು.

"ಇದೇನು, 'ಸೂಜಿ' ಅಂತ ಬರೆದಿದ್ದೀರಿ? ದಿನ ಬಿಟ್ಟು ದಿನ ಇದೆ."

ವಿಟಮಿನ್ ಬಿ12 ಇಂಜೆಕ್ಷನ್. ನಮ್ಮದು ಮಾಂಸ, ಮೊಟ್ಟೆ ಇಲ್ಲದ ಮನೆ. ಕೈಕಾಲು ಜೋಮು ಹಿಡಿಯುತ್ತಿದೆ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತೀರಾ ಕಮ್ಮಿ ಇತ್ತು. ಬೇರೆ ಡಾಕ್ಟರ್ ಹತ್ತು ಇಂಜೆಕ್ಷನ್ ಬರೆದಿದ್ದರು. ಹತ್ತು ಆಯಿತಾ ಅಂತ ಲೆಕ್ಕಕ್ಕಷ್ಟೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ. ಅದನ್ನು 'ಬದಲಾವಣೆ' ಅಂತ ನಾನು ಎಣಿಸಿಯೇ ಇರಲಿಲ್ಲ. ಮುಖಕ್ಕೆ ಹಚ್ಚಿದ್ದಲ್ಲವಲ್ಲ!

ಬಿ12 ಜಾಸ್ತಿ ಡೋಸಿನಲ್ಲಿ ಹೋದಾಗ ಕೆಲವರಿಗೆ ಮೊಡವೆ ಏಳುವುದು ವೈದ್ಯರಿಗೆ ಗೊತ್ತಿರುವ ವಿಷಯ. 2015ರಲ್ಲಿ ಲಾಸ್ ಏಂಜಲಿಸ್‌ನ ಸಂಶೋಧಕರು ಮೊಡವೆ ಇಲ್ಲದ ಹತ್ತು ಜನಕ್ಕೆ ಬಿ12 ಕೊಟ್ಟು ನೋಡಿದರು. ಚರ್ಮದ ಬ್ಯಾಕ್ಟೀರಿಯಾದ ವರ್ತನೆಯೇ ಬದಲಾಯಿತು. ಹತ್ತರಲ್ಲಿ ಒಬ್ಬರಿಗೆ ಮೊಡವೆಯೂ ಬಂತು. ಆ ಒಬ್ಬರ ಪೈಕಿ ನಾನು ಅಂತ ಕಾಣುತ್ತದೆ. ಇಂಜೆಕ್ಷನ್ ಮೇ ಮಧ್ಯಕ್ಕೆ ಮುಗಿದಿತ್ತು. ಜೂನ್ ಕೊನೆಗೆ ಹಣೆ ಮತ್ತೆ 5. ಡಾಕ್ಟರಮ್ಮ ತೋರಿಸಿದರು, "ನೋಡಿ, ನಿಲ್ಲಿಸಿದ ಮೇಲೆ ತಾನಾಗೇ ಇಳಿದಿದೆ."

ಇದನ್ನು ಓದಿ ಯಾರೂ ಬಿ12 ನಿಲ್ಲಿಸಬೇಡಿ. ಕೊರತೆ ಇದ್ದರೆ ಅದು ನರಕ್ಕೇ ಪೆಟ್ಟು. ಮೊಡವೆಗಿಂತ ಅದು ದೊಡ್ಡದು. ನನಗೆ ಕಡಿಮೆ ಡೋಸಿನ ಮಾತ್ರೆಗೆ ಬದಲಾಯಿಸಿಕೊಟ್ಟರು. ಈಗ ಕೈ ಜೋಮೂ ಇಲ್ಲ, ಆ ಥರದ ಗುಳ್ಳೆಯೂ ಇಲ್ಲ. ನೀವು ಮಾಡಬೇಕಾದ್ದು ಇಷ್ಟೇ. ನುಂಗುವುದು, ಚುಚ್ಚಿಸಿಕೊಳ್ಳುವುದು, ನೀರಿಗೆ ಕಲಸಿ ಕುಡಿಯುವುದು, ಯಾವ ಕಾರಣಕ್ಕೇ ಇರಲಿ, ಎಲ್ಲವನ್ನೂ ಬರೆಯಿರಿ.

ಹಚ್ಚುವ ಮದ್ದು

ಮೊಡವೆಗೆ ನಿಜವಾಗಿ ಕೆಲಸ ಮಾಡುವ ಪದಾರ್ಥಗಳ ಪಟ್ಟಿ ಚಿಕ್ಕದು. ಡಬ್ಬಿಯ ಮುಂದೆ ಏನು ಬರೆದಿದೆ ಅನ್ನೋದು ಬಿಡಿ, ಹಿಂದೆ ತಿರುಗಿಸಿ ಈ ಹೆಸರು ಹುಡುಕಿ.

ಬೆನ್‌ಝಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದೂ ಇಲ್ಲ. 2.5 ಪರ್ಸೆಂಟ್ ಸಾಕು. 5, 10 ಅಂತ ಏರಿಸಿದರೆ ಗುಣ ಹೆಚ್ಚೇನೂ ಸಿಗಲ್ಲ, ಉರಿ ಮಾತ್ರ ಜಾಸ್ತಿ. ನಾನೂ ಶುರು ಮಾಡಿದೆ. ಮೊದಲ ವಾರ ಹಚ್ಚಿ ಹತ್ತು ನಿಮಿಷಕ್ಕೆ ತೊಳೆಯುತ್ತಿದ್ದೆ. ಅಭ್ಯಾಸವಾದ ಮೇಲೆ ಹಾಗೇ ಬಿಟ್ಟೆ. ಒಂದು ಎಚ್ಚರಿಕೆಯನ್ನು ಯಾರೂ ನನಗೆ ಹೇಳಿರಲಿಲ್ಲ. ಇದು ಬಟ್ಟೆಯ ಬಣ್ಣ ತಿನ್ನುತ್ತದೆ. ಊರಿಗೆ ಹೋದಾಗ ಅಮ್ಮನ ಹೊಸ ಮರೂನ್ ಟವೆಲ್‌ನಲ್ಲಿ ಮುಖ ಒರೆಸಿದೆ. ಒಗೆದು ಹರವಿದಾಗ ಮಧ್ಯದಲ್ಲಿ ನನ್ನ ಮುಖದಷ್ಟೇ ಅಗಲದ ಕಿತ್ತಳೆ ಮಚ್ಚೆ. ಬಿಳಿ ಟವೆಲ್, ಬಿಳಿ ದಿಂಬಿನ ಕವರು ಇಟ್ಟುಕೊಳ್ಳಿ.

ಅಡಾಪಲೀನ್ 0.1 ಪರ್ಸೆಂಟ್ ಜೆಲ್ ರಂಧ್ರದಲ್ಲಿ ಬೂಚು ಕಟ್ಟುವುದನ್ನೇ ತಡೆಯುತ್ತದೆ. ನನ್ನ ದವಡೆಯ ಗಂಟಿಗೆ ದಾರಿ ಕಂಡದ್ದು ಇದರಿಂದಲೇ. ಡಾಕ್ಟರಮ್ಮ ಜುಲೈಯಲ್ಲಿ ಬರೆದುಕೊಟ್ಟರು. ಬೆಳಿಗ್ಗೆ ಪೆರಾಕ್ಸೈಡ್, ರಾತ್ರಿ ಇದು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಗುಳ್ಳೆ ಮೇಲೆ ಚುಕ್ಕೆ ಇಡುವುದಲ್ಲ, ಎಲ್ಲ ಕಡೆ ತೆಳುವಾಗಿ. ತೊಳೆದ ಮುಖ ಪೂರ್ತಿ ಒಣಗಿದ ಮೇಲೆ ಹಚ್ಚಿ. ಮೊದಲ ಎರಡು ವಾರ ದಿನ ಬಿಟ್ಟು ದಿನ. ಉರಿದರೆ ಕೆಳಗೊಂದು ಪದರ, ಮೇಲೊಂದು ಪದರ ಮಾಯಿಶ್ಚರೈಸರ್. ಕಣ್ಣಿನ ಸುತ್ತ, ತುಟಿ ಅಂಚು, ಮೂಗಿನ ಮೂಲೆ ಬಿಡಿ.

ಮೂರನೇ ವಾರದಿಂದ ಮುಖ ಇನ್ನೂ ಕೆಟ್ಟಿತು. ಒಟ್ಟು ನಂಬರ್ 14ರಿಂದ 19ಕ್ಕೆ ಹೋಯಿತು. ಒಂದು ರಾತ್ರಿ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿ, ಮತ್ತೆ ಎದ್ದು ಹೋಗಿ ತೆಗೆದುಕೊಂಡು ಬಂದೆ. ಮೊದಲ ಕೆಲವು ವಾರ ಹೀಗಾಗುವುದು ಇದೆ ಅಂತ ಅವರು ಮೊದಲೇ ಹೇಳಿದ್ದರು, ಅದೊಂದೇ ಆಧಾರ. ಎಂಟನೇ ವಾರಕ್ಕೆ 11. ಅಕ್ಟೋಬರ್ ಕೊನೆಗೆ 6. ಗರ್ಭಿಣಿಯರು, ಮಗು ಬೇಕು ಅಂತ ಇರುವವರು ಇದನ್ನು ಬಳಸಬಾರದು. ಅಂಥವರಿಗೆ ಅಜೆಲಾಯಿಕ್ ಆಸಿಡ್ ಇದೆ, ಡಾಕ್ಟರನ್ನು ಕೇಳಿ. ಕಪ್ಪು ಕಲೆಗೂ ಅದು ಒಳ್ಳೆಯದು.

ಸ್ಯಾಲಿಸಿಲಿಕ್ ಆಸಿಡ್ 2 ಪರ್ಸೆಂಟ್ ಬ್ಲ್ಯಾಕ್‌ಹೆಡ್ ಜಾಸ್ತಿ ಇರುವವರಿಗೆ ಸರಿ. ನಿಯಾಸಿನಮೈಡ್ ಸೌಮ್ಯ, ನಿಧಾನ. ನನಗೆ ಎರಡೂ ಅಷ್ಟಕ್ಕಷ್ಟೇ.

ಇನ್ನೊಂದು ವಿಷಯ. ಗುಳ್ಳೆಗಳೆಲ್ಲ ಸಣ್ಣ ಸಣ್ಣದು, ಒಂದೇ ಸೈಜು, ಹಣೆ ಮತ್ತು ಎದೆ ಬೆನ್ನಿನಲ್ಲಿ, ಜೊತೆಗೆ ತುರಿಕೆ ಇದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಬೆವರಿನಲ್ಲಿ ಬೆಳೆಯುವ ಒಂದು ಫಂಗಸ್ ಹೀಗೆ ಮಾಡುತ್ತದೆ. ಅದಕ್ಕೆ ಮದ್ದೇ ಬೇರೆ. ಮೇಲಿನದನ್ನೆಲ್ಲ ಹಚ್ಚುತ್ತಾ ಕೂತರೆ ವರ್ಷ ಹೋಗುತ್ತದೆ.

ಮೆಡಿಕಲ್ ಶಾಪಿನ 'ಒಳ್ಳೆ ಕ್ರೀಮು'

ಇದನ್ನು ಸ್ವಲ್ಪ ಜೋರಾಗಿ ಹೇಳುತ್ತೇನೆ. ಅಂಗಡಿಗೆ ಹೋಗಿ "ಮೊಡವೆಗೆ ಏನಾದ್ರೂ ಕೊಡಿ" ಅಂದರೆ ಒಂದು ಚಿಕ್ಕ ಟ್ಯೂಬು ಕೈಗೆ ಬರುತ್ತದೆ. ಹಚ್ಚಿದರೆ ನಾಲ್ಕೇ ದಿನದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಟ್ಯೂಬಿನ ಹಿಂದೆ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಬೇರೆ ಕಾಯಿಲೆಗೆ ಡಾಕ್ಟರ್ ಕೊಟ್ಟಾಗ ಒಳ್ಳೆಯ ಮದ್ದೇ. ಮೊಡವೆ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಕೂದಲು ಬೆಳೆಯುತ್ತದೆ. ನಿಲ್ಲಿಸಿದ ತಕ್ಷಣ ಗುಳ್ಳೆ ದುಪ್ಪಟ್ಟಾಗಿ ಏಳುತ್ತವೆ. ಹೆದರಿ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೂ ಸಿಗುತ್ತದೆ. ನನ್ನ ಚಿಕ್ಕಮ್ಮನ ಮಗಳು ಮದುವೆಗೆ ಮುಂಚೆ ಮೂರು ತಿಂಗಳು ಹಚ್ಚಿದಳು. ಸರಿಹೋಗಲು ಒಂದೂವರೆ ವರ್ಷ ಆಯಿತು. ಈಗಾಗಲೇ ಹಚ್ಚುತ್ತಿದ್ದರೆ ಏಕಾಏಕಿ ನಿಲ್ಲಿಸದೆ ಚರ್ಮದ ಡಾಕ್ಟರನ್ನು ನೋಡಿ.

ನುಂಗುವುದು

ಹಚ್ಚುವುದಕ್ಕಿಂತ ನುಂಗುವುದರಲ್ಲಿ ಆಸೆ ಜಾಸ್ತಿ, ಫಲ ಕಮ್ಮಿ. ಇದು ನನ್ನ ಎರಡನೇ ಕ್ಯಾಲೆಂಡರ್ ಹೇಳಿದ ಮಾತು.

2024ರ ಜನವರಿಯಲ್ಲಿ ನಂಬರ್ 6ರ ಆಸುಪಾಸಿನಲ್ಲಿ ನಿಂತಿತ್ತು. ಬೇರೇನೂ ಬದಲಾಯಿಸದೆ ಜಿಂಕ್ ಶುರು ಮಾಡಿದೆ. ಮೊಡವೆಗೆ ನುಂಗುವ ಮಾತ್ರೆಗಳಲ್ಲಿ ಸ್ವಲ್ಪವಾದರೂ ಆಧಾರ ಇರುವುದು ಇದಕ್ಕೆ. 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ದಿನಕ್ಕೆ 30 ಮಿಲಿಗ್ರಾಂ ಜಿಂಕ್ ಅನ್ನು ಮಿನೊಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಜೊತೆ ಹೋಲಿಸಿದ್ದರು. ಮೂರು ತಿಂಗಳಿಗೆ ಜಿಂಕ್ ತಗೊಂಡ ನೂರರಲ್ಲಿ 31 ಜನಕ್ಕೆ ಚೆನ್ನಾಗಿ ಗುಣ ಕಂಡಿತ್ತು, ಆಂಟಿಬಯಾಟಿಕ್‌ನವರಲ್ಲಿ 63. ಅಂದರೆ ಸುಳ್ಳಲ್ಲ, ಪವಾಡವೂ ಅಲ್ಲ.

ಡಬ್ಬಿ ಓದುವಾಗ ಇಲ್ಲಿ ಎಲ್ಲರೂ ಎಡವುತ್ತಾರೆ. 'ಜಿಂಕ್ ಗ್ಲೂಕೊನೇಟ್ 200 ಮಿಲಿಗ್ರಾಂ' ಅಂತ ಇದ್ದರೆ ಅದರಲ್ಲಿ ನಿಜವಾದ ಜಿಂಕ್ ಸುಮಾರು 30 ಮಿಲಿಗ್ರಾಂ ಮಾತ್ರ. 'ಎಲಿಮೆಂಟಲ್' ಅಂತ ಬರೆದಿರುವ ನಂಬರ್ ನೋಡಿ. ದೊಡ್ಡವರಿಗೆ ಊಟ, ಮಾತ್ರೆ ಎಲ್ಲ ಸೇರಿ ದಿನಕ್ಕೆ 40 ದಾಟಬಾರದು. ತಿಂಗಳುಗಟ್ಟಲೆ ಜಾಸ್ತಿ ತಗೊಂಡರೆ ದೇಹದಲ್ಲಿ ತಾಮ್ರ ಕಮ್ಮಿಯಾಗುತ್ತದೆ, ರಕ್ತಹೀನತೆಯೂ ಬರಬಹುದು. ಮಲ್ಟಿವಿಟಮಿನ್ ಬೇರೆ ನುಂಗುತ್ತಿದ್ದರೆ ಅದರಲ್ಲಿರುವ ಜಿಂಕೂ ಕೂಡಿಸಿ. ಡಾಕ್ಟರ್ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟಿದ್ದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ. ಜಿಂಕ್ ಆ ಮದ್ದನ್ನು ಹೀರಿಕೊಳ್ಳಲು ಬಿಡಲ್ಲ.

ಮೊದಲ ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ ಜೊತೆ ನುಂಗಿದೆ. ಇಪ್ಪತ್ತು ನಿಮಿಷಕ್ಕೆ ಹೊಟ್ಟೆ ತೊಳಸಿ, ಸಿಗ್ನಲ್‌ನಲ್ಲಿ ಸ್ಕೂಟರ್ ಬದಿಗೆ ನಿಲ್ಲಿಸಿ ವಾಂತಿ ಮಾಡಿದೆ. ಮಧ್ಯಾಹ್ನ ಊಟ ಆದ ಮೇಲೆ ತಗೊಳ್ಳಿ. ಹನ್ನೆರಡು ವಾರ ಆದ ಮೇಲೆ ನನ್ನ ಲೆಕ್ಕ 5. ಆರಿದ್ದದ್ದು ಐದಾದರೆ ಅದು ಜಿಂಕೋ, ಆ ವಾರದ ಅದೃಷ್ಟವೋ! ನಿಲ್ಲಿಸಿದೆ. ಮುಂದಿನ ತಿಂಗಳೂ 5. ನಿಮಗೆ ಕೆಲಸ ಮಾಡಬಹುದು. ನನಗೆ ಮಾಡಲಿಲ್ಲ.

ಬಯೋಟಿನ್ ಮೊಡವೆಗೆ ಬೇಡ. ಲಾಭ ಇದೆ ಅನ್ನಲು ಆಧಾರ ಇಲ್ಲ. ಜೊತೆಗೆ ಜಾಸ್ತಿ ಡೋಸಿನಲ್ಲಿದ್ದರೆ ಥೈರಾಯ್ಡ್‌ನಂಥ ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪು ತೋರಿಸುತ್ತದೆ. ಟೆಸ್ಟ್‌ಗೆ ಹೋಗುವಾಗ ಗಮ್ಮಿ ತಿನ್ನುತ್ತಿದ್ದೀರಿ ಅಂತ ಹೇಳಲೇಬೇಕು. ವಿಟಮಿನ್ ಎ ಮಾತ್ರೆಯನ್ನು ನೀವೇ ಕೊಂಡು ನುಂಗಬೇಡಿ, ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ಒಮೆಗಾ 3ಕ್ಕೆ ಸಣ್ಣಪುಟ್ಟ ಆಧಾರ ಇದೆ. ನಾನು ಮೀನಿನ ಎಣ್ಣೆ ತಗೊಳ್ಳಲ್ಲ, ಅಗಸೆ ಚಟ್ನಿಪುಡಿ ಮೊದಲಿಂದಲೂ ತಿನ್ನುತ್ತೇನೆ, ಮುಂದೆಯೂ ತಿನ್ನುತ್ತೇನೆ. ರುಚಿಗೆ.

ಪ್ರೋಟೀನ್ ಪೌಡರ್ ಮಾತ್ರ ಅನುಮಾನದಿಂದ ನೋಡಿ, ಅದರಲ್ಲೂ ಹಾಲಿನಿಂದ ಮಾಡುವ ವ್ಹೇ. ನನ್ನ ತಮ್ಮ ಜಿಮ್ಮಿಗೆ ಸೇರಿ ಎರಡು ತಿಂಗಳಿಗೆ ಬೆನ್ನು ತುಂಬಾ ಗುಳ್ಳೆ ಮಾಡಿಕೊಂಡ. ನಿಲ್ಲಿಸು ಅಂದರೆ ಕೇಳಲಿಲ್ಲ. ಅವನಿಗೂ ಒಂದು ಕ್ಯಾಲೆಂಡರ್ ಕೊಟ್ಟೆ. ಎರಡು ತಿಂಗಳು ವ್ಹೇ ಬಿಟ್ಟು ಕಡಲೆ, ಸೋಯಾ ತಿಂದು ನೋಡಿದ. ಈಗ ಅವನೇ ಜಿಮ್ಮಿನಲ್ಲಿ ಪಾಠ ಹೇಳುತ್ತಾನಂತೆ.

ತಿನ್ನುವುದು

'ಉಷ್ಣ'ದ ಲೆಕ್ಕ ನನಗೆ ಬಗೆಹರಿಯಲಿಲ್ಲ. ಸಕ್ಕರೆಯ ಲೆಕ್ಕ ಸ್ವಲ್ಪ ಬಗೆಹರಿಯಿತು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಹುಡುಗರನ್ನು ಹನ್ನೆರಡು ವಾರ ನೋಡಿದರು. ರಕ್ತದಲ್ಲಿ ಸಕ್ಕರೆ ದಿಢೀರ್ ಏರಿಸದ ಊಟ ಮಾಡಿದವರಿಗೆ ಮೊಡವೆ ಹೆಚ್ಚು ಇಳಿಯಿತು. ಇನ್ಸುಲಿನ್ ಏರಿದಾಗ ಚರ್ಮದ ಜಿಡ್ಡು ಹೆಚ್ಚಾಗುತ್ತದೆ ಅನ್ನುವುದು ಇದರ ಹಿಂದಿನ ವಿವರಣೆ. ಹಾಲಿಗೂ, ಅದರಲ್ಲೂ ಕೆನೆ ತೆಗೆದ ಹಾಲಿಗೂ ಮೊಡವೆಗೂ ನಂಟು ಕಂಡಿದ್ದಾರೆ. ಕರಿದದ್ದು, ಖಾರದ್ದು ಅಂತ ಬೈಸಿಕೊಳ್ಳುವ ಬೋಂಡಾ ಬಜ್ಜಿಗೆ ಅಂಥ ಗಟ್ಟಿ ಸಾಕ್ಷಿ ಇಲ್ಲ.

2024ರ ಏಪ್ರಿಲ್‌ನಿಂದ ಜೂನ್ ತನಕ ಆಫೀಸಿನ ನಾಲ್ಕು ಕಾಫಿಯನ್ನು ಎರಡು ಮಾಡಿ, ಸಕ್ಕರೆ ಬಿಟ್ಟೆ. ಸಂಜೆ ಬೇಕರಿಯ ದಿಲ್‌ಪಸಂದ್ ಬಿಟ್ಟು ಬೇಯಿಸಿದ ಕಡಲೆಕಾಯಿ. ನಂಬರ್ 5ರಿಂದ 3ಕ್ಕೆ ಬಂತು. ಅನ್ನ ಬಿಡಲಿಲ್ಲ, ಮಜ್ಜಿಗೆ ಬಿಡಲಿಲ್ಲ. ಆ ಸಲ ಮಾವಿನಹಣ್ಣೂ ಬಿಡಲಿಲ್ಲ. ಮೇ ಪೂರ್ತಿ ರಸಪುರಿ ಹೊಡೆದೆ, ಪ್ರತಿ ಹಣ್ಣಿಗೂ ಚೌಕದಲ್ಲಿ 'ಮಾ' ಅಂತ ಬರೆದೆ. ಹಣೆ ಕದಲಲಿಲ್ಲ.

ಕ್ಯಾಲೆಂಡರ್ ಸುರುಳಿ ಸುತ್ತಿ ಹೊರಡಬೇಕಾದ ಹೊತ್ತು

ಗಂಟು ಥರ ಆಳದಲ್ಲಿ ನೋಯುವ ಗುಳ್ಳೆ, ಮಾಯ್ದ ಜಾಗದಲ್ಲಿ ಹಳ್ಳ ಬೀಳುತ್ತಿದ್ದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಹನ್ನೆರಡು ವಾರ ಕಾಯಬೇಡಿ. ಕಪ್ಪು ಕಲೆ ಒಂದು ದಿನ ಹೋಗುತ್ತದೆ, ಹಳ್ಳ ಹೋಗಲ್ಲ. ಮುಟ್ಟು ಎರಡು ಮೂರು ತಿಂಗಳು ತಪ್ಪುವುದು, ಗದ್ದದಲ್ಲಿ ಗಡಸು ಕೂದಲು, ತೂಕ ಏರುವುದು ಜೊತೆಗಿದ್ದರೆ ಪಿಸಿಓಎಸ್ ಅನ್ನುವ ಹಾರ್ಮೋನ್ ಏರುಪೇರಿನ ತೊಂದರೆ ಇದೆಯಾ ಅಂತ ನೋಡಿಸಿ. ಐಸೊಟ್ರೆಟಿನಾಯಿನ್ ಅನ್ನುವ ಮಾತ್ರೆ ಜೋರು ಮೊಡವೆಗೆ ಒಳ್ಳೆಯ ಮದ್ದು, ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ತೀರಾ ಅಪಾಯ. ಅಕ್ಕನಿಗೆ ಬರೆದದ್ದನ್ನು ತಂಗಿ ನುಂಗುವುದು ಬೇಡವೇ ಬೇಡ. ಹೋಗುವಾಗ ಹಚ್ಚಿದ, ನುಂಗಿದ ಎಲ್ಲ ಡಬ್ಬಿಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಹೆಸರು ನೆನಪಿರಲ್ಲ.

ಈಗ ನನ್ನ ನಂಬರ್ ಎರಡು ಮೂರರಲ್ಲಿ ಆಡುತ್ತಿದೆ. ಮುಟ್ಟಿನ ಹಿಂದಿನ ವಾರ ಐದು. ಹೋದ ತಿಂಗಳು ಊರಿಗೆ ಹೋದಾಗ ಅಮ್ಮ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಈಗ ಪರವಾಗಿಲ್ಲ. ಎಣ್ಣೆ ಹಚ್ಚಾಕೆ ಶುರು ಮಾಡಿದ್ಯಾ?" ಅಂದರು. ಹೂಂ ಅಂದೆ. ರಾತ್ರಿ ಮಲಗುವಾಗ ನನ್ನ ದಿಂಬಿನ ಮೇಲೆ ಆ ಮರೂನ್ ಟವೆಲ್ ಹಾಸಿದ್ದರು, ಕಿತ್ತಳೆ ಮಚ್ಚೆ ಮೇಲಕ್ಕೆ ಬರುವ ಹಾಗೆ.